ಇಂಗ್ಲಿಷಿನಲ್ಲಿ ‘ಇಸು’ ಎಲ್ಲಿದೆ?

ಬೈಕ್ ರಿಪೇರಿ ಮಾಡಿಸಿ ಬಂದು ‘ಐ ರಿಪೇರ್ಡ್ ಮೈ ಬೈಕ್’ ಎಂದರೆ, ಸ್ಪ್ಯಾನರ್ ಹಿಡಿದವರು ನೀವೇ ಎಂದಾಗುತ್ತದೆ. ‘ಐ ಸ್ಟಿಚ್ಡ್ ಎ ಬ್ಲೌಸ್’ ಎಂದರೆ ನಿಮಗೆ ಹೊಲಿಗೆ ಬರುತ್ತದೆ ಎಂದು ಅರ್ಥ. ಕನ್ನಡದಲ್ಲಿ ಈ ತಪ್ಪು ಯಾರೂ ಮಾಡುವುದಿಲ್ಲ. ಹೊಲಿ–ಹೊಲಿಸು, ತೆಗೆ–ತೆಗೆಸು, ತೊಳೆ–ತೊಳೆಸು: ಬಾಲಕ್ಕೆ ‘ಇಸು’ ಸೇರಿತೆಂದರೆ ಕೆಲಸ ಬೇರೆಯವರ ಕೈಗೆ ಹೋಯಿತು. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲ. ಬದಲಿಗೆ ಗೆಟ್, ಹ್ಯಾವ್, ಮೇಕ್ ಎಂಬ ಪದಗಳು ಅದರ ಮುಂದೆ ಬಂದು ನಿಲ್ಲುತ್ತವೆ.

ದಿನಬಳಕೆಗೆ ಹೆಚ್ಚು ಬೇಕಾಗುವುದು ಒಂದೇ ಚೌಕಟ್ಟು. ಮೊದಲು ಗೆಟ್ ಅಥವಾ ಹ್ಯಾವ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ: ‘ಐ ಗಾಟ್ ಮೈ ಬೈಕ್ ರಿಪೇರ್ಡ್’, ‘ಐ ಹ್ಯಾಡ್ ಎ ಬ್ಲೌಸ್ ಸ್ಟಿಚ್ಡ್’. ನಾಳೆ ಮಾಡಿಸುವುದಾದರೆ ‘ಐ ವಿಲ್ ಗೆಟ್ ಇಟ್ ರಿಪೇರ್ಡ್’, ಈಗ ಮಾಡಿಸುತ್ತಿದ್ದರೆ ‘ಐ ಆಮ್ ಗೆಟಿಂಗ್ ಇಟ್ ರಿಪೇರ್ಡ್’. ಕಾಲಕ್ಕೆ ತಕ್ಕಂತೆ ಮೊದಲ ಪದ ಬದಲಾಗುತ್ತದೆ, ಕೊನೆಯ ‘ರಿಪೇರ್ಡ್’ ಅಲುಗುವುದಿಲ್ಲ. ಮೂರನೇ ರೂಪವೇ ಏಕೆ? ಬೈಕು ತಾನೇ ರಿಪೇರಿ ಮಾಡುವುದಿಲ್ಲ, ಅದು ರಿಪೇರಿ ಆಗುತ್ತದೆ. ಕೆಲಸ ವಸ್ತುವಿನ ಮೇಲೆ ನಡೆದಾಗ ಇಂಗ್ಲಿಷ್ ಬಳಸುವ ರೂಪ ಅದು.

ಹೆಚ್ಚು ಜನ ಎಡವುವುದು ಪದಗಳ ಸ್ಥಾನದಲ್ಲಿ. ‘ಐ ಹ್ಯಾಡ್ ಪೇಂಟೆಡ್ ದ ಗೇಟ್’ ಎಂದರೆ ಗೇಟಿಗೆ ನಾನೇ ಮುಂಚೆ ಬಣ್ಣ ಬಳಿದಿದ್ದೆ ಎಂದು. ‘ಐ ಹ್ಯಾಡ್ ದ ಗೇಟ್ ಪೇಂಟೆಡ್’ ಎಂದರೆ ಬಳಿಸಿದೆ. ಪದಗಳು ಅವೇ, ಗೇಟು ಒಂದು ಹೆಜ್ಜೆ ಮುಂದೆ ಸರಿದದ್ದಕ್ಕೆ ಬಳಿದವರೇ ಬದಲಾದರು. ‘ಕಟ್’ ಇನ್ನೂ ತೊಡಕಿನದು, ಅದರ ಮೂರೂ ರೂಪ ಒಂದೇ. ‘ಐ ಹ್ಯಾವ್ ಕಟ್ ಮೈ ಹೇರ್’ ಎಂದರೆ ಕತ್ತರಿ ನಿಮ್ಮ ಕೈಯಲ್ಲಿತ್ತು. ಕಟಿಂಗ್ ಮಾಡಿಸಿಕೊಂಡಿದ್ದೇನೆ ಎನ್ನಲು ‘ಐ ಹ್ಯಾವ್ ಹ್ಯಾಡ್ ಮೈ ಹೇರ್ ಕಟ್’. ಹ್ಯಾವ್ ಎರಡು ಸಲ ಬಂತೆಂದು ಗಾಬರಿ ಬೇಡ: ಮೊದಲನೆಯದು ಕಾಲ ಹೇಳುತ್ತದೆ, ಎರಡನೆಯದು ನಮ್ಮ ‘ಇಸು’. ಅದಕ್ಕೇ ಪ್ರಶ್ನೆ ಕೇಳುವಾಗ ಈ ಹ್ಯಾವ್‌ಗೂ ಡೂ, ಡಿಡ್ ನೆರವು ಬೇಕು: ‘ಡಿಡ್ ಯೂ ಹ್ಯಾವ್ ದ ಗೇಟ್ ಪೇಂಟೆಡ್?’

‘ಮೆಕ್ಯಾನಿಕ್ಕಿನಿಂದ ಮಾಡಿಸಿದೆ’ ಎಂಬುದರ ‘ಇಂದ’ ನೇರವಾಗಿ ‘ಫ್ರಮ್’ ಆಗಿ ಹೋಗುವುದೂ ಉಂಟು. ಅಲ್ಲಿ ಬರಬೇಕಾದದ್ದು ‘ಬೈ’: ‘ಐ ಗಾಟ್ ಇಟ್ ರಿಪೇರ್ಡ್ ಬೈ ಎ ಮೆಕ್ಯಾನಿಕ್’. ಬೈಕು ರಿಪೇರಿ ಮಾಡುವವರು ಯಾರೆಂದು ಎಲ್ಲರಿಗೂ ಗೊತ್ತಿರುವುದರಿಂದ ಸಾಮಾನ್ಯವಾಗಿ ಅದೂ ಬೇಡ.

ಇನ್ನು ವಸ್ತುವಿನ ಜಾಗಕ್ಕೆ ಮನುಷ್ಯ ಬಂದರೆ ಚೌಕಟ್ಟು ಬೇರೆ. ಹ್ಯಾವ್, ಮೇಕ್ ಎರಡರಲ್ಲೂ ವ್ಯಕ್ತಿಯ ನಂತರ ಮೂಲರೂಪ ಬರುತ್ತದೆ, ‘ಟು’ ಇಲ್ಲ. ಗೆಟ್ ಆದರೆ ‘ಟು’ ಬೇಕೇ ಬೇಕು. ‘ಹಿ ಮೇಡ್ ಮಿ ಟು ವೇಟ್’ ತಪ್ಪು, ‘ಹಿ ಮೇಡ್ ಮಿ ವೇಟ್’ ಸರಿ. ವಿಚಿತ್ರವೆಂದರೆ ಕರ್ಮಣಿ ಪ್ರಯೋಗದಲ್ಲಿ ಅದೇ ‘ಟು’ ಮರಳಿ ಬರುತ್ತದೆ: ‘ಐ ವಾಸ್ ಮೇಡ್ ಟು ವೇಟ್’. ಬಿಡುವುದನ್ನು ಹೇಳುವ ‘ಲೆಟ್’ ಕೂಡ ‘ಟು’ ಒಲ್ಲದು: ‘ಲೆಟ್ ಹಿಮ್ ಗೋ’.

ರೂಪ ಕಲಿತರೂ ಸಾಲದು, ಆ ಮನುಷ್ಯನಿಗೂ ನಿಮಗೂ ಏನು ಸಂಬಂಧ ಎಂಬುದೂ ಲೆಕ್ಕಕ್ಕೆ ಬರುತ್ತದೆ. ‘ಇಸು’ ಒಂದರಲ್ಲೇ ನಾವು ಮುಗಿಸುವುದನ್ನು ಇಂಗ್ಲಿಷ್ ಹಂಚಿಕೊಂಡಿದೆ. ಹೇಳಿದರೆ ಮಾಡುವವರಿಗೆ ಹ್ಯಾವ್, ಒಪ್ಪಿಸಬೇಕಾದವರಿಗೆ ಗೆಟ್, ಬೇಡವೆಂದರೂ ಬಿಡದೆ ಮಾಡಿಸಿದರೆ ಮೇಕ್. ರಜೆ ಮಂಜೂರು ಮಾಡಿಸಿಕೊಂಡು ‘ಐ ಹ್ಯಾಡ್ ಮೈ ಮ್ಯಾನೇಜರ್ ಅಪ್ರೂವ್ ಇಟ್’ ಎಂದರೆ ಮ್ಯಾನೇಜರ್ ನಿಮ್ಮ ಕೈಕೆಳಗಿದ್ದಂತೆ ಕೇಳುತ್ತದೆ. ‘ಐ ಗಾಟ್ ಮೈ ಮ್ಯಾನೇಜರ್ ಟು ಅಪ್ರೂವ್ ಇಟ್’ ಎಂದರೆ ಕೇಳಿ, ಒಪ್ಪಿಸಿ ಪಡೆದಿರಿ ಎಂದಾಯಿತು. ‘ಮಗಳನ್ನು ಇಂಜಿನಿಯರಿಂಗ್ ಓದಿಸುತ್ತಿದ್ದೇನೆ’ ಎಂಬ ಹೆಮ್ಮೆಯ ಮಾತನ್ನು ‘ಐ ಆಮ್ ಮೇಕಿಂಗ್ ಹರ್ ಸ್ಟಡಿ ಇಂಜಿನಿಯರಿಂಗ್’ ಎಂದು ಹೇಳಿದರಂತೂ ಕೇಳಿದವರಿಗೆ ಆ ಹುಡುಗಿಯ ಮೇಲೆ ಕನಿಕರ ಬಂದೀತು. ಅಲ್ಲಿ ಬೇಕಾದದ್ದು ‘ಐ ಆಮ್ ಪುಟಿಂಗ್ ಹರ್ ಥ್ರೂ ಇಂಜಿನಿಯರಿಂಗ್ ಕಾಲೇಜ್’; ಖರ್ಚು ನಿಮ್ಮದು, ಓದು ಅವಳದು. ಆದರೆ ನಗು, ಅಳು ತಾವಾಗಿ ಬರುವಂಥವು. ಅಲ್ಲಿ ಮೇಕ್‌ಗೆ ಬಲವಂತದ ವಾಸನೆ ಇಲ್ಲ: ‘ಶಿ ಮೇಡ್ ಅಸ್ ಲಾಫ್’ ಎಂದರೆ ನಗಿಸಿದಳು, ಅಷ್ಟೇ.

ಕಂಡ ‘ಇಸು’ಗೆಲ್ಲ ಈ ಚೌಕಟ್ಟು ಹಾಕಲೂಬಾರದು. ಕಲಿಸುಗೆ ಟೀಚ್, ಉಣಿಸುಗೆ ಫೀಡ್, ತೋರಿಸುಗೆ ಶೋ ಸಿದ್ಧವಾಗಿವೆ. ಕಟ್ಟಿಸುವ ವಿಷಯದಲ್ಲಿ ಇಂಗ್ಲಿಷ್ ನಮಗಿಂತ ಉದಾರಿ. ಗೋಳಗುಮ್ಮಟವನ್ನು ಮೊಹಮ್ಮದ್ ಆದಿಲ್ ಶಾ ಕಟ್ಟಿಸಿದ ಎಂದು ನಾವು ಹೇಳಿದರೆ, ಅಲ್ಲಿ ‘ಬಿಲ್ಟ್’ ಸಾಕು. ಅವನು ಗಾರೆ ಕಲಸಿದ ಎಂದು ಯಾರೂ ತಿಳಿಯುವುದಿಲ್ಲ. ‘ವಿ ಆರ್ ಬಿಲ್ಡಿಂಗ್ ಎ ಹೌಸ್’ ಕೂಡ ಹೀಗೇ ನಡೆಯುತ್ತದೆ.

ತಿರುಗುಮುರುಗಾಗಿ, ಹ್ಯಾವ್ ಚೌಕಟ್ಟು ಬಂದರೂ ಯಾರೂ ಏನನ್ನೂ ಮಾಡಿಸದಿರುವುದೂ ಉಂಟು. ‘ಐ ಹ್ಯಾಡ್ ಮೈ ಪರ್ಸ್ ಸ್ಟೋಲನ್’ ಎಂದವರು ಪರ್ಸನ್ನು ಕಳವು ಮಾಡಿಸಿದವರಲ್ಲ, ಬಸ್ಸಿನಲ್ಲೋ ಸಂತೆಯಲ್ಲೋ ಕಳೆದುಕೊಂಡವರು.