‘ಟೂಟ್ಸಿ’: ಗುಟ್ಟು ಯಾರಿಗೆ ಗೊತ್ತು?

ಚಿತ್ರಕಥೆ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ‘ಟೂಟ್ಸಿ’ 1982ರ ಸಿನಿಮಾ. ನಿರ್ದೇಶನ ಸಿಡ್ನಿ ಪೊಲಾಕ್, ನಾಯಕ ಡಸ್ಟಿನ್ ಹಾಫ್‌ಮನ್. ಆಸ್ಕರ್‌ಗೆ 10 ನಾಮನಿರ್ದೇಶನ ಸಿಕ್ಕರೂ ಗೆದ್ದದ್ದು ಜೆಸ್ಸಿಕಾ ಲ್ಯಾಂಗ್ ಒಬ್ಬರೇ, ಪೋಷಕ ನಟಿ ಪ್ರಶಸ್ತಿ. ನೋಡಿಲ್ಲದವರು ಮೊದಲು ನೋಡಿ ಬನ್ನಿ. ಕೊನೆಯ ತಿರುವನ್ನೇ ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಕತೆ ಇಷ್ಟು. ಮೈಕಲ್ ಡಾರ್ಸಿ ನ್ಯೂಯಾರ್ಕ್‌ನ ನಟ. ಪ್ರತಿಭೆ ಇದೆ, ಆದರೆ ಜಗಳಗಂಟ. ಜಾಹೀರಾತಿನಲ್ಲಿ ಟೊಮೆಟೊ ವೇಷ ಹಾಕಿಸಿ ಕೂತ್ಕೋ ಅಂದರೆ, ಟೊಮೆಟೊ ಹೇಗ್ರೀ ಕೂರುತ್ತೆ ಅಂತ ವಾದಕ್ಕೆ ನಿಲ್ಲುವ ಆಸಾಮಿ. ಯಾರೂ ಕೆಲಸ ಕೊಡುವುದಿಲ್ಲ. ಗೆಳೆಯ ಜೆಫ್ ಬರೆದ ನಾಟಕ ಆಡಿಸಲು 8,000 ಡಾಲರ್ ಬೇಕು. ಹೆಣ್ಣುವೇಷ ಹಾಕಿ, ಡೊರೊಥಿ ಮೈಕಲ್ಸ್ ಅಂತ ಹೆಸರಿಟ್ಟುಕೊಂಡು, ಆಸ್ಪತ್ರೆಯ ಧಾರಾವಾಹಿಯೊಂದರಲ್ಲಿ ಎಮಿಲಿ ಕಿಂಬರ್ಲಿ ಪಾತ್ರ ಗಿಟ್ಟಿಸುತ್ತಾನೆ. ಸಹನಟಿ ಜೂಲಿ ಮೇಲೆ ಇವನಿಗೆ ಮನಸ್ಸು. ಜೂಲಿಯ ಅಪ್ಪ ಲೆಸ್‌ಗೆ ಡೊರೊಥಿ ಮೇಲೆ ಮನಸ್ಸು.

ವೇಷ ಶುರುವಾಗುವ ಜಾಗವನ್ನು ನಿಲ್ಲಿಸಿ ನೋಡಿ. ಏಜೆಂಟ್ ಜಾರ್ಜ್ (ಪೊಲಾಕ್ ಅವರೇ ಮಾಡಿದ ಪಾತ್ರ) ‘ನಿನಗೆ ಯಾರೂ ಕೆಲಸ ಕೊಡಲ್ಲ’ ಅನ್ನುತ್ತಾನೆ. ಕಟ್. ಜನ ತುಂಬಿದ ಬೀದಿಯಲ್ಲಿ ಡೊರೊಥಿ ನಡೆದು ಬರುತ್ತಿದ್ದಾಳೆ. ವಿಗ್ ಆರಿಸಿದ್ದು, ಹೀಲ್ಸ್ ಹಾಕಿ ಎಡವಿದ್ದು, ಯಾವುದೂ ಇಲ್ಲ. ನಾವಾಗಿದ್ದರೆ ಅಲ್ಲಿ ಒಂದು ಹಾಡೇ ಇಡುತ್ತಿದ್ದೆವು, ಅಲ್ವಾ?

ಈಗ ನನಗೆ ತುಂಬಾ ಉಪಯೋಗಕ್ಕೆ ಬಂದ ಸುಲಭದ ದಾರಿ. ಪ್ರತಿ ದೃಶ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಈ ಕೋಣೆಯಲ್ಲಿ ಗುಟ್ಟು ಯಾರಿಗೆ ಗೊತ್ತು? ಜೆಫ್‌ಗೆ ಗೊತ್ತು, ಜಾರ್ಜ್‌ಗೆ ಗೊತ್ತು. ಮಿಕ್ಕವರಿಗೆ ಗೊತ್ತಿಲ್ಲ. ಧಾರಾವಾಹಿಯ ಹಿರಿಯ ನಟ ವ್ಯಾನ್ ಹಾರ್ನ್ ಡೊರೊಥಿಯ ಮನೆವರೆಗೂ ಬಂದು ಮೈಮೇಲೆ ಬೀಳುತ್ತಾನೆ. ಅಷ್ಟರಲ್ಲಿ ಜೆಫ್ ಒಳಗೆ ಬರುತ್ತಾನೆ. ಇವನೇ ಡೊರೊಥಿಯ ಜೊತೆಗಾರ ಅಂದುಕೊಂಡು ವ್ಯಾನ್ ಹಾರ್ನ್ ಕ್ಷಮೆ ಕೇಳುತ್ತಾನೆ. ಕ್ಷಮೆ ಕೇಳುವವನಿಗೆ ಏನೂ ಗೊತ್ತಿಲ್ಲ, ಕೇಳಿಸಿಕೊಳ್ಳುವವನಿಗೆ ಎಲ್ಲಾ ಗೊತ್ತು. ನಗು ಹುಟ್ಟುವುದು ಅಲ್ಲಿ. ಸೀರೆಯೋ ಗೌನೋ ಉಟ್ಟ ಗಂಡಸನ್ನು ಸುಮ್ನೆ ತೋರಿಸಿದರೆ ಎರಡು ನಿಮಿಷ ನಗಬಹುದು, ಅಷ್ಟೇ.

ನನ್ನ ತಲೆ ಕೆಡಿಸಿದ್ದು ಮಾತ್ರ ಲೈವ್ ಪ್ರಸಾರದ ದೃಶ್ಯ. ಇದನ್ನು ನಿಧಾನವಾಗಿ ಬಿಡಿಸೋಣ.

ಡೊರೊಥಿಗೆ ಹೆಸರು ಬಂದಿದೆ, ಒಪ್ಪಂದ ಮುಂದುವರಿದಿದೆ. ಅದರಿಂದ ಬಿಡಿಸು ಅಂತ ಮೈಕಲ್ ಗೋಗರೆದರೂ ಜಾರ್ಜ್ ಕೈಲಿ ಆಗುವುದಿಲ್ಲ. ಆಗ ಚಿತ್ರೀಕರಿಸಿಟ್ಟ ಟೇಪ್ ಒಂದು ಹಾಳಾಗಿ, ಆ ಭಾಗವನ್ನು ನೇರ ಪ್ರಸಾರದಲ್ಲೇ ಆಡಬೇಕಾಗುತ್ತದೆ. ಮೈಕಲ್ ಮೆಟ್ಟಿಲ ಮೇಲೆ ನಿಂತು ಉದ್ದದ ಭಾಷಣ ಶುರು ಮಾಡಿ, ಕೊನೆಗೆ ವಿಗ್ ಕೀಳುತ್ತಾನೆ.

ನನ್ನ ಪ್ರಶ್ನೆ: ಆಗ ಅವನು ‘ನಾನು ಮೈಕಲ್’ ಅಂತ ಯಾಕೆ ಹೇಳುವುದಿಲ್ಲ? ಅವನು ಹೇಳುವುದು ‘ನಾನು ಎಡ್ವರ್ಡ್ ಕಿಂಬರ್ಲಿ’ ಅಂತ. ಸೋದರಿ ಆಂಥಿಯಾಳ ಹೆಸರಿಗೆ ಅಂಟಿದ ಕಳಂಕ ತೊಳೆಯಲು ಎಮಿಲಿಯಾಗಿ ಬಂದ ಗಂಡಸು. ಈ ಎಡ್ವರ್ಡ್ ಎಲ್ಲಿಂದ ಬಂದ?

ಪದರಗಳನ್ನು ಬರೆದುಕೊಂಡರೆ ತಿಳಿಯುತ್ತದೆ. ಮೈಕಲ್ ಆಡುತ್ತಿರುವುದು ಡೊರೊಥಿಯನ್ನು. ಡೊರೊಥಿ ಆಡುತ್ತಿರುವುದು ಎಮಿಲಿಯನ್ನು. ‘ನಾನು ಮೈಕಲ್’ ಅಂದರೆ ಧಾರಾವಾಹಿ ಅಲ್ಲೇ ನಿಂತುಹೋಗುತ್ತದೆ. ಅದು ಬರೀ ರಂಪ. ‘ಎಮಿಲಿ ಅಸಲಿಗೆ ಎಡ್ವರ್ಡ್’ ಅಂದರೆ ಧಾರಾವಾಹಿಯೊಳಗೆ ಅದೊಂದು ತಿರುವು. ಕತೆ ಮುರಿಯಲಿಲ್ಲ, ಎಮಿಲಿ ಪಾತ್ರ ಮಾತ್ರ ಮುಗಿಯಿತು. ಪಾತ್ರವೇ ಇಲ್ಲ ಅಂದಮೇಲೆ ಇವನನ್ನು ಯಾಕೆ ಇಟ್ಟುಕೊಳ್ಳುತ್ತಾರೆ?

ಈಗ ಮತ್ತೆ ಅದೇ ಪ್ರಶ್ನೆ ಹಾಕಿ. ಕಿತ್ತದ್ದು ಒಂದೇ ವಿಗ್. ಟಿವಿ ಮುಂದಿರುವ ಸಾಮಾನ್ಯ ವೀಕ್ಷಕರ ಪಾಲಿಗೆ ಎಮಿಲಿ ಗಂಡಸು. ಸ್ಟುಡಿಯೋದವರ ಪಾಲಿಗೆ ಡೊರೊಥಿಯೇ ಗಂಡಸು. ಪಕ್ಕದಲ್ಲೇ ನಿಂತ ಜೂಲಿಗೆ, ತಾನು ಮನಸ್ಸು ಬಿಚ್ಚಿ ಮಾತಾಡಿದ ಗೆಳತಿಯೇ ಇಲ್ಲ. ಪ್ರಸಾರ ಮುಗಿದದ್ದೇ ಹೊಟ್ಟೆಗೆ ಒಂದು ಗುದ್ದು ಕೊಡುತ್ತಾಳೆ. ಎಲ್ಲಾ ಮೊದಲೇ ಗೊತ್ತಿದ್ದ ಜೆಫ್ ಮಾತ್ರ ತಣ್ಣಗೆ, ಎಂಥಾ ತಿಕ್ಕಲು ಆಸ್ಪತ್ರೆಯಪ್ಪಾ ಇದು ಅನ್ನುತ್ತಾನೆ.

ಒಂದು ತಕರಾರು. ಎಮಿಲಿ ಪಾತ್ರಕ್ಕೆ ಮೊದಲು ಆಡಿಷನ್‌ಗೆ ಹೋಗಿದ್ದವಳು ಮೈಕಲ್‌ನ ಗೆಳತಿ ಸ್ಯಾಂಡಿ. ತಯಾರಿ ಮಾಡಿಸಿದವನು ಮೈಕಲ್ಲೇ. ಆಮೇಲೊಮ್ಮೆ ಅವಳ ಉಡುಪು ಹಾಕಿ ನೋಡಲು ಬಟ್ಟೆ ಬಿಚ್ಚುವಾಗ ಸಿಕ್ಕಿಬಿದ್ದು, ಗುಟ್ಟು ಉಳಿಸಿಕೊಳ್ಳಲು ‘ನೀನು ಬೇಕು’ ಅಂತ ಅವಳ ಜೊತೆ ಮಲಗುತ್ತಾನೆ. ಗುಟ್ಟು ಒಡೆದ ಮೇಲೆ ಲೆಸ್‌ಗೆ ಬಾರ್‌ನಲ್ಲಿ ಒಂದು ದೃಶ್ಯ ಇದೆ, ಡೊರೊಥಿಯನ್ನು ಮದುವೆಯಾಗಲು ಕೇಳಿ ಅವನು ಕೊಟ್ಟಿದ್ದ ಉಂಗುರವನ್ನು ಮೈಕಲ್ ಕೂತು ವಾಪಸ್ ಕೊಡುತ್ತಾನೆ. ಜೂಲಿಗೆ ಬೀದಿಯಲ್ಲಿ ಇಡೀ ಒಂದು ಮಾತುಕತೆ ಇದೆ. ಸ್ಯಾಂಡಿಗೆ ಟಿವಿ ಮುಂದೆ ಒಂದು ಕಿರುಚಾಟ, ಆಮೇಲೆ ಜೆಫ್‌ನ ನಾಟಕದಲ್ಲಿ ಒಂದು ಪಾತ್ರ. ಜಾಸ್ತಿ ಮೋಸ ಹೋದವಳು ಅವಳೇ. ಅವಳೂ ಮೈಕಲ್‌ನೂ ಎದುರುಬದುರು ಕೂರುವ ಒಂದು ದೃಶ್ಯ ಬರೆಯಲೇಬೇಕಿತ್ತು.