ಪದ ಪರಿಚಯ: ಸಹಕಾರಿ ಮನೆ

ಒಂದೇ ಸೂರಿನಡಿ ವಾಸಿಸುವ ಹಲವರು ಒಂದು ಸಹಕಾರ ಸಂಘದ ಸದಸ್ಯರಾಗಿದ್ದು, ಆ ಮನೆಯ ಒಡೆತನವನ್ನೋ ಅದನ್ನು ನಡೆಸುವ ಅಧಿಕಾರವನ್ನೋ ಆ ಸಂಘದ ಮೂಲಕ ತಾವೇ ಹೊಂದಿದ್ದರೆ, ಅಂಥ ವಾಸದ ಏರ್ಪಾಡನ್ನು ಸಹಕಾರಿ ಮನೆ ಎನ್ನುತ್ತಾರೆ. ಸಾಮಾನ್ಯವಾಗಿ ಪ್ರತಿಯೊಬ್ಬರಿಗೂ ಮಲಗಲು ಒಂದು ಕೋಣೆ ಇರುತ್ತದೆ. ಅಡುಗೆಮನೆ, ಊಟದ ಜಾಗ, ಹಜಾರ, ಅಂಗಳಗಳು ಎಲ್ಲರಿಗೂ ಸೇರಿರುತ್ತವೆ. ನಾಲ್ಕೈದು ಮಂದಿಯ ಪುಟ್ಟ ಮನೆಗಳೂ ಇವೆ, ನೂರಕ್ಕಿಂತ ಹೆಚ್ಚು ಜನ ಒಟ್ಟಿಗೆ ಊಟ ಮಾಡುವ ದೊಡ್ಡ ಮನೆಗಳೂ ಇವೆ. ಇಂಥ ಮನೆಗಳಲ್ಲಿ ವಾಸಿಸುವವರು ಆಡುಮಾತಿನಲ್ಲಿ ಇದನ್ನು ‘ಕೋ-ಆಪ್’ ಎಂದಷ್ಟೇ ಕರೆಯುತ್ತಾರೆ.

ಹೊರನೋಟಕ್ಕೆ ಇದು ಗೆಳೆಯರು ಸೇರಿ ಬಾಡಿಗೆಗೆ ಹಿಡಿದ ಮನೆಯಂತೆಯೋ ಹಾಸ್ಟೆಲಿನಂತೆಯೋ ಕಾಣಬಹುದು. ಆದರೆ ಛಾವಣಿ ಸೋರಲು ಆರಂಭಿಸಿದ ದಿನ ವ್ಯತ್ಯಾಸ ತಿಳಿಯುತ್ತದೆ. ಬಾಡಿಗೆ ಮನೆಯಲ್ಲಿದ್ದವರು ಮಾಲೀಕರಿಗೆ ತಿಳಿಸುತ್ತಾರೆ, ಹಾಸ್ಟೆಲಿನಲ್ಲಿದ್ದವರು ವಾರ್ಡನ್ನರ ಬಳಿ ಹೋಗುತ್ತಾರೆ. ಸಹಕಾರಿ ಮನೆಯಲ್ಲಿ ಆ ದೂರು ಸುತ್ತಿ ಬಳಸಿ ದೂರು ಕೊಟ್ಟವರ ಬಳಿಗೇ ಬರುತ್ತದೆ: ದುರಸ್ತಿಗೆ ಎಷ್ಟು ಹಣ ಬೇಕು, ಮೀಸಲು ನಿಧಿಯಲ್ಲಿ ಎಷ್ಟಿದೆ, ಯಾರನ್ನು ಕರೆಸಬೇಕು, ಬಣ್ಣ ಬಳಿಯುವುದನ್ನು ಈ ವರ್ಷ ಮುಂದೂಡಬಹುದೇ ಎಂಬುದನ್ನೆಲ್ಲ ಅಲ್ಲಿ ವಾಸಿಸುವವರೇ ಸಭೆ ಸೇರಿ ತೀರ್ಮಾನಿಸಬೇಕು. ಬಾಡಿಗೆದಾರ ಮತ್ತು ಮಾಲೀಕ ಎಂಬ ಎರಡು ಪಾತ್ರಗಳು ಒಂದೇ ವ್ಯಕ್ತಿಯಲ್ಲಿ ಕೂಡುವುದೇ ಈ ಪರಿಕಲ್ಪನೆಯ ತಿರುಳು. ಮನೆಗೆ ಸೇರುವ ವಿಧಾನ, ಕೆಲಸದ ಹಂಚಿಕೆ, ಕೊನೆಯಿಲ್ಲದಂತೆ ತೋರುವ ಸಭೆಗಳು, ಹೊಸಬರಿಗೆ ವಿಚಿತ್ರವಾಗಿ ಕಾಣುವ ಇವೆಲ್ಲವೂ ಆ ಒಂದು ಸಂಗತಿಯಿಂದಲೇ ಹುಟ್ಟಿವೆ.

ಹತ್ತಿರದ ಕೆಲವು ಏರ್ಪಾಡುಗಳೊಡನೆ ಇದನ್ನು ಬೆರೆಸಬಾರದು. ನಿವೇಶನ ಇಲ್ಲವೆ ಫ್ಲ್ಯಾಟುಗಳನ್ನು ಸದಸ್ಯರಿಗೆ ಹಂಚಿಕೊಡುವ ಗೃಹ ನಿರ್ಮಾಣ ಸಹಕಾರ ಸಂಘಗಳಲ್ಲಿ ಪ್ರತಿ ಕುಟುಂಬವೂ ತನ್ನ ಬಾಗಿಲ ಹಿಂದೆ ಬೇರೆ ಸಂಸಾರ ಹೂಡುತ್ತದೆ. ಡೆನ್ಮಾರ್ಕಿನಲ್ಲಿ 1972ರಲ್ಲಿ ನೆಲೆಗೊಂಡ ಸೆಟ್ಟೆಡಾಮೆನ್‌ನಿಂದ ಹೆಸರಾದ ಕೋಹೌಸಿಂಗ್ ಮಾದರಿಯಲ್ಲಿ ನೆರೆಹೊರೆಯವರು ಒಂದು ಸಾಮಾನ್ಯ ಭವನವನ್ನು ಹಂಚಿಕೊಂಡರೂ ಪ್ರತಿ ಮನೆಗೂ ತನ್ನದೇ ಅಡುಗೆಮನೆ ಇರುತ್ತದೆ. ಸಹಕಾರಿ ಮನೆಯಲ್ಲಿ ಒಲೆಯೂ ಒಂದೇ, ಲೆಕ್ಕದ ಪುಸ್ತಕವೂ ಒಂದೇ.

ಹಣದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆ ಉಳಿಯುವುದೂ ಮುಳುಗುವುದೂ ಅಲ್ಲಿಯೇ. ಸದಸ್ಯರು ತಿಂಗಳಿಗೊಮ್ಮೆ ಕೊಡುವ ಮೊತ್ತ ಮಾರುಕಟ್ಟೆಯ ಬಾಡಿಗೆಯನ್ನು ನೋಡಿ ಇಟ್ಟದ್ದಲ್ಲ. ಸಾಲದ ಕಂತು, ತೆರಿಗೆ, ವಿಮೆ, ನೀರು, ವಿದ್ಯುತ್ತು, ದಿನಸಿ, ದುರಸ್ತಿ, ಮೀಸಲು ನಿಧಿ ಇವನ್ನೆಲ್ಲ ಕೂಡಿಸಿ ವರ್ಷದ ಅಂದಾಜು ತಯಾರಿಸಿ, ಅದನ್ನು ಕೋಣೆಗಳಿಗೆ ಹಂಚಲಾಗುತ್ತದೆ. ಮಧ್ಯದಲ್ಲಿ ಲಾಭ ಪಡೆಯುವವರು ಇಲ್ಲದಿರುವುದರಿಂದ ಮತ್ತು ಬಹುಪಾಲು ಕೆಲಸವನ್ನು ತಾವೇ ಮಾಡಿಕೊಳ್ಳುವುದರಿಂದ ಖರ್ಚು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ಒಂದು ಕೋಣೆ ಖಾಲಿ ಬಿದ್ದರೆ ಅದರ ಪಾಲು ಉಳಿದವರ ತಲೆಯ ಮೇಲೆಯೇ ಬೀಳುತ್ತದೆ. ಆದ್ದರಿಂದ ವಿವೇಕವುಳ್ಳ ಮನೆಗಳು ಎಲ್ಲ ಕೋಣೆಗಳೂ ವರ್ಷಪೂರ್ತಿ ತುಂಬಿರುತ್ತವೆ ಎಂದು ಅಂದಾಜು ಹಾಕುವುದಿಲ್ಲ.

ಮನೆಯ ಬೆಲೆ ಏರಿದರೆ ಆ ಏರಿಕೆ ಯಾರಿಗೆ ಸೇರಬೇಕು ಎಂಬುದು ಇನ್ನೊಂದು ಮುಖ್ಯ ಪ್ರಶ್ನೆ. ಹೆಚ್ಚಿನ ಸಹಕಾರಿ ಮನೆಗಳಲ್ಲಿ ಅದು ಯಾವ ವ್ಯಕ್ತಿಗೂ ಸೇರುವುದಿಲ್ಲ. ಹೊರಡುವ ಸದಸ್ಯರು ತಾವು ಸೇರುವಾಗ ಕೊಟ್ಟ ಷೇರು ಹಣವನ್ನೋ ಠೇವಣಿಯನ್ನೋ ಹಿಂದಕ್ಕೆ ಪಡೆಯುತ್ತಾರೆ, ಅಷ್ಟೆ. ಆಸ್ತಿಯ ಮೌಲ್ಯ ಸಂಘದಲ್ಲಿಯೇ ಉಳಿದು ಮುಂದೆ ಬರುವವರಿಗೆ ನೆರಳಾಗುತ್ತದೆ. ಆದರೂ ಒಂದು ಪೀಳಿಗೆಯ ಸದಸ್ಯರು ಒಮ್ಮತದಿಂದ ಮನೆಯನ್ನೇ ಮಾರಿ ಹಣ ಹಂಚಿಕೊಂಡುಬಿಟ್ಟರೆ ಏನು ಗತಿ? ಈ ಅಪಾಯಕ್ಕೆ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಹುಟ್ಟಿದ ‘ಮೀಟ್ಸ್‌ಹೌಸರ್ ಸಿಂಡಿಕಾಟ್’ ಎಂಬ ಒಕ್ಕೂಟ ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಅಲ್ಲಿ ಪ್ರತಿ ಮನೆಯ ಒಡೆತನವೂ ಒಂದು ಸೀಮಿತ ಹೊಣೆಯ ಕಂಪನಿಯ ಹೆಸರಿನಲ್ಲಿರುತ್ತದೆ, ಆ ಕಂಪನಿಗೆ ಪಾಲುದಾರರು ಇಬ್ಬರೇ: ನಿವಾಸಿಗಳ ಸಂಘ ಮತ್ತು ಸಿಂಡಿಕಾಟ್. ದಿನನಿತ್ಯದ ಆಡಳಿತದಲ್ಲಿ ಸಿಂಡಿಕಾಟ್ ಕೈಹಾಕುವುದಿಲ್ಲ, ಆದರೆ ಮಾರಾಟದ ಪ್ರಶ್ನೆ ಬಂದಾಗ ಅದರ ಒಪ್ಪಿಗೆಯಿಲ್ಲದೆ ಏನೂ ನಡೆಯುವಂತಿಲ್ಲ.

ಸಹಕಾರದ ತತ್ತ್ವ 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನ ಶ್ರಮಿಕರು ತೆರೆದ ದಿನಸಿ ಅಂಗಡಿಯಷ್ಟಾದರೂ ಹಳೆಯದು. ಹಣ ಎಷ್ಟೇ ಹೂಡಿರಲಿ, ಒಬ್ಬ ಸದಸ್ಯರಿಗೆ ಒಂದೇ ಮತ ಎಂಬ ನಿಯಮ ಅಲ್ಲಿಂದಲೇ ಪ್ರಸಿದ್ಧವಾಯಿತು. ಆ ತತ್ತ್ವ ಹಂಚಿಕೊಂಡು ವಾಸಿಸುವ ಮನೆಯ ರೂಪದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಉತ್ತರ ಅಮೆರಿಕದ ವಿದ್ಯಾರ್ಥಿಗಳ ನಡುವೆ. ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ 1932ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ 1933ರಲ್ಲಿ, ಕೆನಡಾದ ಟೊರಾಂಟೊದಲ್ಲಿ 1936ರಲ್ಲಿ, ಓದು ಬಿಟ್ಟು ಊರಿಗೆ ಮರಳಬೇಕಾದ ಸ್ಥಿತಿಯಲ್ಲಿದ್ದ ವಿದ್ಯಾರ್ಥಿಗಳು ಒಟ್ಟಾಗಿ ಅಡುಗೆ ಮಾಡಿಕೊಂಡು, ಒಟ್ಟಾಗಿ ಕೊಠಡಿಗಳನ್ನು ಗುಡಿಸಿಕೊಂಡು, ವಾಸದ ಖರ್ಚನ್ನು ತಮ್ಮ ಕೈಗೆಟುಕುವ ಮಟ್ಟಕ್ಕೆ ಇಳಿಸಿದರು. ಬರ್ಕ್‌ಲಿಯ ಸಂಸ್ಥೆಯಲ್ಲಿ ಇಂದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 2014ರಲ್ಲಿ ಆರಂಭವಾದ ವಿದ್ಯಾರ್ಥಿ ಸಹಕಾರಿ ವಸತಿಯಲ್ಲಿ 106 ಮಂದಿಗೆ ಸ್ಥಳವಿದೆ. ವಿದ್ಯಾರ್ಥಿಗಳ ಮನೆಗಳೇ ಹೆಚ್ಚು ಹೆಸರಾಗಿದ್ದರೂ ಉದ್ಯೋಗಸ್ಥರ, ಮಕ್ಕಳಿರುವ ಕುಟುಂಬಗಳ, ಹಿರಿಯರ ಸಹಕಾರಿ ಮನೆಗಳೂ ಇವೆ.

ಈಗ ಸೇರುವ ಬಗೆ. ಬಾಡಿಗೆ ಕೋಣೆಗೆ ಮುಂಗಡ ಕೊಟ್ಟು ಬೀಗದ ಕೈ ಪಡೆದು ಅಭ್ಯಾಸವಾದವರಿಗೆ ಇದು ದೀರ್ಘವೆನಿಸುತ್ತದೆ. ಹಲವು ಮನೆಗಳನ್ನು ಒಂದೇ ಒಕ್ಕೂಟ ನಡೆಸುವಲ್ಲಿ ಅರ್ಜಿ, ಸರದಿ, ಹಂಚಿಕೆ ಎಂಬ ಕಚೇರಿ ಕ್ರಮವಿರುವುದುಂಟು. ಚಿಕ್ಕ ಸ್ವತಂತ್ರ ಮನೆಗಳಲ್ಲಾದರೆ ಮೊದಲು ಒಂದು ಪತ್ರ, ನಂತರ ಮನೆಯವರೊಡನೆ ಒಂದು ಊಟ, ಸಾಧ್ಯವಾದರೆ ಒಂದು ಸಭೆಗೆ ಹಾಜರಿ, ಆಮೇಲೆ ಎಲ್ಲರೂ ಕೂತು ಮಾತನಾಡುವ ಸಂದರ್ಶನ, ಕೊನೆಗೆ ಸದಸ್ಯರ ತೀರ್ಮಾನ ಎಂಬ ಕ್ರಮವಿರುತ್ತದೆ. ಒಪ್ಪಿಗೆಯಾದ ಮೇಲೂ ಕೆಲವು ತಿಂಗಳ ಪ್ರಾಯೋಗಿಕ ಅವಧಿ ಇಡುವ ಮನೆಗಳಿವೆ. ಹೀಗೇಕೆ ಎಂದರೆ, ಒಳಬರುವ ವ್ಯಕ್ತಿ ಕೇವಲ ಪಕ್ಕದ ಕೋಣೆಯವರಾಗುವುದಿಲ್ಲ. ಸಾಲದ ಹೊಣೆಯಲ್ಲಿ, ಲೆಕ್ಕಪತ್ರದಲ್ಲಿ, ಮುಂದಿನ ಸದಸ್ಯರನ್ನು ಆರಿಸುವುದರಲ್ಲಿ ಸರಿಸಮಾನ ಮತವುಳ್ಳ ಪಾಲುದಾರರಾಗುತ್ತಾರೆ.

ಇಲ್ಲಿಯೇ ಒಂದು ನಿಜವಾದ ಇಕ್ಕಟ್ಟು ತಲೆದೋರುತ್ತದೆ. ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಅಂಗೀಕರಿಸಿದ ಏಳು ತತ್ತ್ವಗಳಲ್ಲಿ ಮೊದಲನೆಯದೇ ಸ್ವಯಂಪ್ರೇರಿತ ಮತ್ತು ಮುಕ್ತ ಸದಸ್ಯತ್ವ. ಸಂಘದ ಸೇವೆಯನ್ನು ಬಳಸಬಲ್ಲ ಮತ್ತು ಸದಸ್ಯತ್ವದ ಹೊಣೆಗಳನ್ನು ಹೊರಲು ಸಿದ್ಧರಿರುವ ಎಲ್ಲರಿಗೂ, ಲಿಂಗ, ಸಾಮಾಜಿಕ ಹಿನ್ನೆಲೆ, ಜನಾಂಗ, ರಾಜಕೀಯ, ಧರ್ಮಗಳ ಭೇದವಿಲ್ಲದೆ ಬಾಗಿಲು ತೆರೆದಿರಬೇಕು ಎಂಬುದು ಅದರ ಆಶಯ. ಹಾಗಿದ್ದರೆ ಮನೆಯವರು ಕೂತು ಒಬ್ಬರನ್ನು ಆರಿಸಿ ಇನ್ನೊಬ್ಬರನ್ನು ಬಿಡುವುದು ಸರಿಯೇ? ಕೋಣೆಗಳ ಸಂಖ್ಯೆಗೆ ಮಿತಿ ಇರುವಾಗ ಆಯ್ಕೆ ತಪ್ಪದು. ಪ್ರಶ್ನೆ ಇರುವುದು ಆಯ್ಕೆಯ ಅಳತೆಗೋಲಿನಲ್ಲಿ, ಮತ್ತು ಆ ತತ್ತ್ವದ ವಾಕ್ಯದಲ್ಲೇ ಉತ್ತರವೂ ಅಡಗಿದೆ: ಅಳೆಯಬೇಕಾದದ್ದು ಹೊಣೆ ಹೊರುವ ಸಿದ್ಧತೆಯನ್ನು. ನಿಗದಿತ ದಿನ ಅಡುಗೆ ಮಾಡುವಿರಾ, ಸಭೆಗೆ ಬರುವಿರಾ, ಹಣ ಕೊಡುವುದು ತಡವಾಗುವಂತಿದ್ದರೆ ಮೊದಲೇ ತಿಳಿಸುವಿರಾ, ಭಿನ್ನಾಭಿಪ್ರಾಯ ಬಂದಾಗ ಎದುರಿಗೇ ಹೇಳುವಿರಾ ಎಂದು ಕೇಳುವುದು ನ್ಯಾಯ. ‘ಇವರು ನಮ್ಮಂಥವರೇ?’ ಎಂಬ ಪ್ರಶ್ನೆ ಯಾರ ಬಾಯಲ್ಲೂ ಬರದೆ ಎಲ್ಲರ ಮನಸ್ಸಿನಲ್ಲೂ ಕೆಲಸ ಮಾಡುವಾಗಲೇ ಮನೆ ಹಾದಿ ತಪ್ಪುತ್ತದೆ. ಒಂದೇ ವಯಸ್ಸಿನ, ಒಂದೇ ರುಚಿಯ, ಒಂದೇ ಬಗೆಯ ಮಾತಿನ ಜನರಿಂದ ತುಂಬಿದ ಮನೆ ಸುಖವಾಗಿರಬಹುದು, ಆದರೆ ಅದು ಸಹಕಾರದ ಮೊದಲ ತತ್ತ್ವವನ್ನು ಬಾಗಿಲ ಹೊರಗೇ ಬಿಟ್ಟಿರುತ್ತದೆ. ಈ ಕಾರಣಕ್ಕೆ ಪ್ರತಿ ಅಭ್ಯರ್ಥಿಗೂ ಒಂದೇ ಪ್ರಶ್ನೆಗಳನ್ನು ಕೇಳುವ, ನಿರಾಕರಿಸಿದಾಗ ಕಾರಣವನ್ನು ಬರೆದಿಡುವ ಮನೆಗಳ ಶಿಸ್ತು ನನಗೆ ಹೆಚ್ಚು ಗೌರವಾರ್ಹವೆನಿಸುತ್ತದೆ.

ಸಂದರ್ಶನ ಎರಡು ಕಡೆಯಿಂದಲೂ ನಡೆಯಬೇಕು. ಸೇರಬಯಸುವವರು ಉಪವಿಧಿಗಳನ್ನು, ಕಳೆದ ಕೆಲವು ಸಭೆಗಳ ನಡಾವಳಿಯನ್ನು, ವರ್ಷದ ಲೆಕ್ಕವನ್ನು ಕೇಳಿ ಓದುವುದರಲ್ಲಿ ಸಂಕೋಚವೇನೂ ಬೇಡ. ಅವನ್ನು ತೋರಿಸಲು ಹಿಂಜರಿಯುವ ಮನೆಯ ಬಗ್ಗೆ ಎರಡು ಬಾರಿ ಯೋಚಿಸುವುದು ಒಳ್ಳೆಯದು. ಷೇರು ಹಣ ಯಾವಾಗ ಹಿಂದಿರುಗುತ್ತದೆ, ಹೊರಡಲು ಎಷ್ಟು ದಿನ ಮೊದಲು ತಿಳಿಸಬೇಕು, ಅತಿಥಿಗಳು ಎಷ್ಟು ರಾತ್ರಿ ಉಳಿಯಬಹುದು ಎಂಬ ಸಂಗತಿಗಳು ಲಿಖಿತವಾಗಿದ್ದರೆ ಮುಂದಿನ ಎಷ್ಟೋ ಮನಸ್ತಾಪಗಳು ತಪ್ಪುತ್ತವೆ. ಸದಸ್ಯರಿಗೆ ಬಾಡಿಗೆದಾರರ ಕಾನೂನಿನ ರಕ್ಷಣೆ ಸಿಗುತ್ತದೆಯೇ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ಆದ್ದರಿಂದ ಸಹಿ ಹಾಕುವ ಮೊದಲು ಅದನ್ನು ತಿಳಿದುಕೊಳ್ಳಬೇಕು.

ಒಳಗಿನ ಬದುಕಿನ ಬೆನ್ನೆಲುಬು ಕೆಲಸದ ಸರದಿ. ಅಡುಗೆ, ಪಾತ್ರೆ, ಶೌಚಾಲಯ, ದಿನಸಿ ಖರೀದಿ, ಲೆಕ್ಕ ಬರೆಯುವುದು, ಹೊಸಬರ ಪತ್ರಗಳಿಗೆ ಉತ್ತರಿಸುವುದು, ಇವೆಲ್ಲವನ್ನೂ ಗಂಟೆಗಳ ಲೆಕ್ಕದಲ್ಲಿ ಹಂಚಲಾಗುತ್ತದೆ. ಊಟವೂ ಸೇರಿರುವ ಬರ್ಕ್‌ಲಿಯ ಮನೆಗಳಲ್ಲಿ ವಾರಕ್ಕೆ 5 ಗಂಟೆಯ ಕೆಲಸ ರೂಢಿಯಲ್ಲಿದೆ. ಗಂಟೆ ಲೆಕ್ಕ ಹಾಕುವುದು ಆತ್ಮೀಯತೆಗೆ ವಿರುದ್ಧವೆಂದು ಕೆಲವರು ಭಾವಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಲೆಕ್ಕವಿಲ್ಲದ ಕಡೆ ಕೆಲಸ ಮಾಯವಾಗುವುದಿಲ್ಲ, ಅದು ಸದ್ದಿಲ್ಲದೆ ಇಬ್ಬರು ಮೂವರ ಹೆಗಲಿಗೆ, ಬಹಳ ಸಲ ಮೊದಲಿನಿಂದಲೂ ಮನೆಗೆಲಸ ಮಾಡಿಯೇ ರೂಢಿಯಾದ ಹೆಂಗಸರ ಹೆಗಲಿಗೆ, ಜಾರುತ್ತದೆ. ಕೆಲಸವನ್ನು ಹೆಸರಿಸಿ ಗೋಡೆಯ ಮೇಲಿನ ಪಟ್ಟಿಯಲ್ಲಿ ಬರೆಯುವುದು ಆ ಅನ್ಯಾಯ ಕಣ್ಣಿಗೆ ಬೀಳುವಂತೆ ಮಾಡುತ್ತದೆ. ಪಟ್ಟಿಯಲ್ಲಿ ಸುಲಭವಾಗಿ ಬಿಟ್ಟುಹೋಗುವ ಕೆಲಸಗಳೂ ಇವೆ: ಜಗಳ ಬಿಡಿಸುವುದು, ಕಾಯಿಲೆ ಬಿದ್ದವರನ್ನು ವಿಚಾರಿಸುವುದು, ಹೊಸಬರಿಗೆ ಮನೆಯ ರೀತಿ ತಿಳಿಸುವುದು. ಇವನ್ನೂ ಕೆಲಸವೆಂದು ಎಣಿಸುವ ಮನೆಗಳು ಹೆಚ್ಚು ಕಾಲ ಚೆನ್ನಾಗಿ ನಡೆಯುತ್ತವೆ ಎಂಬುದು ನನ್ನ ನಂಬಿಕೆ.

ಸಭೆಗಳಲ್ಲಿ ಕೆಲವು ಮನೆಗಳು ಬಹುಮತದ ಮತದಾನವನ್ನೂ ಇನ್ನು ಕೆಲವು ಸರ್ವಸಮ್ಮತಿಯ ಕ್ರಮವನ್ನೂ ಅನುಸರಿಸುತ್ತವೆ. ಸರ್ವಸಮ್ಮತಿ ಎಂದರೆ ಎಲ್ಲರಿಗೂ ಅದೇ ತೀರ್ಮಾನ ಅಚ್ಚುಮೆಚ್ಚು ಎಂದಲ್ಲ, ಅದರೊಡನೆ ಬಾಳಲು ಎಲ್ಲರೂ ಸಿದ್ಧರಿದ್ದಾರೆ ಎಂದರ್ಥ. ಒಪ್ಪದವರು ತಮ್ಮ ಆಕ್ಷೇಪವನ್ನು ದಾಖಲಿಸಿ ಪಕ್ಕಕ್ಕೆ ಸರಿಯಬಹುದು. ತೀರ್ಮಾನ ಮನೆಯ ಮೂಲ ಉದ್ದೇಶಕ್ಕೇ ಧಕ್ಕೆ ತರುತ್ತದೆ ಎನಿಸಿದರೆ ಮಾತ್ರ ತಡೆ ಒಡ್ಡಬೇಕು. ಸ್ವಂತ ಇಷ್ಟಾನಿಷ್ಟಗಳಿಗಾಗಿ ತಡೆ ಬಳಸುವ ಒಬ್ಬರು ಸಾಕು, ಇಡೀ ಮನೆ ತಿಂಗಳುಗಟ್ಟಲೆ ನಿಂತ ನೀರಾಗಲು. ಹಾಗಾಗಿ, ಎರಡು ಸಭೆಗಳಲ್ಲಿ ಒಮ್ಮತ ಬಾರದಿದ್ದರೆ ಹೆಚ್ಚಿನ ಬಹುಮತಕ್ಕೆ ಹೊರಳುವಂಥ ನಿಯಮವನ್ನು ಮೊದಲೇ ಬರೆದಿಡುವುದು ಕ್ಷೇಮ.

ಸದಸ್ಯರನ್ನು ಹೊರಹಾಕುವ ಅಧಿಕಾರವೂ ಮನೆಗಿರುತ್ತದೆ, ಮತ್ತು ಅದು ಬಳಸಲು ಅತ್ಯಂತ ಕಷ್ಟವಾದ ಅಧಿಕಾರ, ಏಕೆಂದರೆ ತೀರ್ಪು ಕೊಡುವವರೂ ತೀರ್ಪಿಗೆ ಒಳಗಾಗುವವರೂ ಮರುದಿನ ಬೆಳಿಗ್ಗೆ ಅದೇ ಅಡುಗೆಮನೆಯಲ್ಲಿ ಎದುರಾಗುತ್ತಾರೆ. ಲಿಖಿತ ಎಚ್ಚರಿಕೆ, ಹೊರಗಿನವರ ಮಧ್ಯಸ್ಥಿಕೆ, ಮೇಲ್ಮನವಿಗೆ ಅವಕಾಶ ಇವು ಮೂರೂ ಇರುವ ಕಡೆ ಹಿಂಸೆ ಕಡಿಮೆ. ಇಂಥ ವಿಷಯಗಳಲ್ಲಿ ಒಂಟಿ ಮನೆಗಳಿಗೆ ನೆರವಾಗಲೆಂದೇ ಒಕ್ಕೂಟಗಳು ಹುಟ್ಟಿವೆ. 1968ರಲ್ಲಿ ಆರಂಭವಾದ ನ್ಯಾಸ್ಕೊ ಎಂಬ ಒಕ್ಕೂಟ ಉತ್ತರ ಅಮೆರಿಕದ ಮನೆಗಳಿಗೆ ತರಬೇತಿ ಮತ್ತು ಸಲಹೆ ನೀಡುತ್ತ ಬಂದಿದೆ. ಅದರಲ್ಲೂ ವಿದ್ಯಾರ್ಥಿಗಳ ಮನೆಗಳಲ್ಲಿ ಮೂರು ನಾಲ್ಕು ವರ್ಷಗಳಲ್ಲಿ ಎಲ್ಲ ಮುಖಗಳೂ ಬದಲಾಗಿಬಿಡುವುದರಿಂದ, ಬಾಯ್ಲರ್ ದುರಸ್ತಿಯಿಂದ ಸಾಲದ ಷರತ್ತುಗಳವರೆಗೆ ಕಲಿತದ್ದನ್ನೆಲ್ಲ ಬರೆದಿಟ್ಟು ದಾಟಿಸದಿದ್ದರೆ, ಪ್ರತಿ ಹೊಸ ತಂಡವೂ ಮೊದಲಿನಿಂದಲೇ ಕಲಿಯಬೇಕಾಗುತ್ತದೆ, ಅದರ ವೆಚ್ಚವನ್ನೂ ಆ ತಂಡವೇ ತೆರಬೇಕಾಗುತ್ತದೆ.