ಮಲೇರಿಯಾ ತಡೆ ತಾಯಂದಿರ ಕೈಗೆ ಬಂದದ್ದು ಹೇಗೆ?

2023ರಲ್ಲಿ ಮಲೇರಿಯಾದಿಂದ ಸುಮಾರು 5.97 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದರಲ್ಲಿ ಶೇ. 95ರಷ್ಟು ಸಾವು ಆಫ್ರಿಕಾದಲ್ಲೇ. ಅಲ್ಲಿ ಸತ್ತ ನಾಲ್ವರಲ್ಲಿ ಮೂವರು ಐದು ವರ್ಷ ತುಂಬದ ಮಕ್ಕಳು. ಔಷಧಿ ಇದೆ, ಸೊಳ್ಳೆಪರದೆಯೂ ಇದೆ. ಆದರೆ ಮಲೇರಿಯಾದಲ್ಲೇ ಅತಿ ಅಪಾಯಕಾರಿಯಾದ ಫಾಲ್ಸಿಪಾರಂ ಬಗೆಗೆ 24 ಗಂಟೆಯೊಳಗೆ ಚಿಕಿತ್ಸೆ ಸಿಗದಿದ್ದರೆ ಮಗುವಿನ ಜೀವಕ್ಕೇ ಅಪಾಯ. ಆಸ್ಪತ್ರೆ ದೂರವಿರುವ ಹಳ್ಳಿಯಲ್ಲಿ 'ಬೆಳಿಗ್ಗೆ ನೋಡೋಣ' ಅನ್ನುವಷ್ಟು ಸಮಯ ಇರುವುದಿಲ್ಲ.

ಈ ಮಾತು ಯೋಜನೆ ಮಾಡುವವರಿಗೆ ಅರ್ಥವಾಗಲು ತುಂಬಾ ವರ್ಷ ಹಿಡಿಯಿತು. 1955ರಲ್ಲಿ ಮಲೇರಿಯಾ ನಿರ್ಮೂಲನೆಯ ಜಾಗತಿಕ ಕಾರ್ಯಕ್ರಮ ಶುರುವಾದಾಗ ನಂಬಿಕೆಯೆಲ್ಲ ಡಿಡಿಟಿ ಎಂಬ ಕೀಟನಾಶಕದ ಮೇಲೆ. ತಂಡಗಳು ಬಂದವು, ಗೋಡೆಗೆ ಸಿಂಪಡಿಸಿ ಹೋದವು. ಕೆಲವು ಕಡೆ ಜನ ಆ ಗೋಡೆಗೆ ಮತ್ತೆ ಮಣ್ಣು ಮೆತ್ತಿದರು. ತಿಗಣೆ ಕಾಟ ಜಾಸ್ತಿಯಾಯಿತು ಎಂದು ಸಿಂಪಡಿಸುವವರನ್ನು ಒಳಗೆ ಬಿಡದವರೂ ಇದ್ದರು. ಇದನ್ನು ಜನರ ತಿಳಿವಳಿಕೆಯ ಕೊರತೆ ಎನ್ನುವುದು ಅನ್ಯಾಯ. ಅವರನ್ನು ಕೇಳಿದವರೇ ಕಡಿಮೆ, ಅಲ್ವಾ? ಸೊಳ್ಳೆಗಳೂ ಡಿಡಿಟಿಗೆ ಬಗ್ಗದಾದವು. ದುಡ್ಡೂ ಕಡಿಮೆಯಾಯಿತು. 1969ರಲ್ಲಿ ನಿರ್ಮೂಲನೆಯ ಗುರಿಯನ್ನೇ ಬದಿಗಿಡಬೇಕಾಯಿತು. ಆಫ್ರಿಕಾದ ಹೆಚ್ಚಿನ ಭಾಗವನ್ನಂತೂ ಆ ಕಾರ್ಯಕ್ರಮ ಮುಟ್ಟಿರಲೇ ಇಲ್ಲ.

1978ರಲ್ಲಿ ಪ್ರಾಥಮಿಕ ಆರೋಗ್ಯದ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ ಅಲ್ಮಾ-ಆಟಾ ಘೋಷಣೆ, ಆರೋಗ್ಯದ ಕೆಲಸದಲ್ಲಿ ಜನರೂ ಪಾಲುದಾರರು ಎಂದಿತು. 1991ರಲ್ಲಿ ಗ್ಯಾಂಬಿಯಾದ ಅಧ್ಯಯನವೊಂದು ಹೊರಬಂತು. ಸೊಳ್ಳೆಪರದೆಗಳನ್ನು ಕೀಟನಾಶಕದಲ್ಲಿ ಅದ್ದಿ ಬಳಸಿದ ಹಳ್ಳಿಗಳಲ್ಲಿ ಪುಟ್ಟ ಮಕ್ಕಳ ಸಾವು ಗಣನೀಯವಾಗಿ ಇಳಿದಿತ್ತು.

ನನ್ನ ಮಟ್ಟಿಗೆ ದೊಡ್ಡ ತಿರುವು ಇಥಿಯೋಪಿಯಾದ ಟಿಗ್ರೇ ಪ್ರಾಂತ್ಯದ್ದು. ಅಲ್ಲಿ ಹಳ್ಳಿಯ ಕೆಲವು ತಾಯಂದಿರಿಗೆ ತರಬೇತಿ ಕೊಟ್ಟರು. ಜ್ವರದ ಲಕ್ಷಣ ಗುರುತಿಸುವುದು, ಮನೆಯಲ್ಲೇ ತಕ್ಷಣ ಮಲೇರಿಯಾ ಔಷಧಿ ಕ್ಲೋರೋಕ್ವಿನ್ ಕೊಡುವುದು ಹೇಗೆಂದು ಅವರು ಅಕ್ಕಪಕ್ಕದ ತಾಯಂದಿರಿಗೆ ಕಲಿಸಿದರು. ಉಳಿದ ಹಳ್ಳಿಗಳಿಗೆ ಹೋಲಿಸಿದರೆ ಇಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಶೇ. 40ರಷ್ಟು ಕಡಿಮೆಯಾಗಿತ್ತು. ಈ ಫಲಿತಾಂಶ ಪ್ರಕಟವಾದದ್ದು 2000ದಲ್ಲಿ. ಮುಂದೆ ಕ್ಲೋರೋಕ್ವಿನ್ ಕೆಲಸ ಮಾಡದಾಯಿತು, ಔಷಧಿ ಬದಲಾಯಿತು. ತಾಯಂದಿರು ಕಲಿಸಿದ ಪಾಠ ಮಾತ್ರ ಹಳತಾಗಲಿಲ್ಲ.

2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಸಹೇಲ್ ಪ್ರದೇಶದ ಮಕ್ಕಳಿಗೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮುನ್ನೆಚ್ಚರಿಕೆಯ ಔಷಧಿ ಕೊಡಲು ಶಿಫಾರಸು ಮಾಡಿತು. ಸಾಮಾನ್ಯವಾಗಿ ಊರಿನ ಕಾರ್ಯಕರ್ತರೇ ಮನೆಮನೆಗೆ ಹೋಗಿ ಮೊದಲ ದಿನದ ಮಾತ್ರೆ ಕೊಡುತ್ತಾರೆ. ಮುಂದಿನ ಎರಡು ದಿನದ್ದು ತಾಯಿಯ ಜವಾಬ್ದಾರಿ. ಅವಳು ನಂಬದಿದ್ದರೆ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ.

2021ರಿಂದ ಲಸಿಕೆಗೂ ಶಿಫಾರಸು ಇದೆ. ಅದಕ್ಕೆ ನಾಲ್ಕು ಡೋಸ್ ಬೇಕು. ಕೊನೆಯ ಡೋಸ್ ಬರುವಷ್ಟರಲ್ಲಿ ಮಗು ಓಡಾಡುತ್ತಿರುತ್ತದೆ, ಮನೆಯವರು ಮರೆತಿರುತ್ತಾರೆ. ನೆನಪಿಸಲು ಮತ್ತೆ ಅದೇ ಊರಿನ ಕಾರ್ಯಕರ್ತೆ ಬೇಕು. ಇವರಿಗೆ ಸಂಬಳ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಎಷ್ಟೋ ಕಡೆ ಅವರು ಇನ್ನೂ ಬಿಟ್ಟಿ ದುಡಿಯುತ್ತಿದ್ದಾರೆ.